ಮೂರೆಲೆಯ ಮೋಡಿ

ಹಬ್ಬದ ಊಟ ಮುಗಿದಿದೆ. ತಾಂಬೂಲದ ತಟ್ಟೆ ಒಂದು ಸುತ್ತು ಬಂದು ಹೋಗಿದೆ. ಹೋಳಿಗೆಯ ಭಾರಕ್ಕೆ ಕಣ್ಣು ಎಳೆಯುತ್ತಿದ್ದರೂ ಮಲಗುವ ಮನಸ್ಸು ಯಾರಿಗೂ ಇಲ್ಲ. ಇಂಥ ಹೊತ್ತಿನಲ್ಲಿಯೇ ನಡುಮನೆಯಲ್ಲಿ ಜಮಖಾನೆ ಹಾಸುತ್ತಾರೆ. ಪರವೂರಿನಿಂದ ಬಂದ ಸೋದರಮಾವನವರು ಜೇಬಿನಿಂದ ಇಸ್ಪೀಟಿನ ಕಟ್ಟೊಂದನ್ನು ಮೆಲ್ಲನೆ ಹೊರತೆಗೆದು, “ರಮ್ಮಿ ಬೇಡ, ಬಹಳ ಹೊತ್ತು ಹಿಡಿಯುತ್ತದೆ. ಮೂರೆಲೆ ಆಡೋಣ” ಎನ್ನುತ್ತಾರೆ. ದೇವರ ಕೋಣೆಯಿಂದ ಅಜ್ಜಿಯ ದನಿ ಕೇಳಿಬರುತ್ತದೆ: “ಜೂಜು ಮಾತ್ರ ಬೇಡವಪ್ಪ!” ಮಾವನವರು ಸೋಲುವವರಲ್ಲ. ದೀಪಾವಳಿಯ ಪಾಡ್ಯಕ್ಕೆ ಶಾಸ್ತ್ರದಲ್ಲಿಯೇ ‘ದ್ಯೂತ ಪ್ರತಿಪದೆ’ ಎಂಬ ಹೆಸರಿಲ್ಲವೇ ಎಂದು ಕೇಳುತ್ತಾರೆ.

ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಈ ಆಟವನ್ನು ಕಲಿಯುವುದಕ್ಕೆ ಕಾಲು ಗಂಟೆ ಸಾಕು. ಹತ್ತು ವರ್ಷದ ಬಾಲಕನೂ ಎಪ್ಪತ್ತು ವರ್ಷದ ತಾತನೂ ಸರಿಸಮನಾಗಿ ಕುಳಿತು ಆಡಬಹುದು. ಆದರೆ ಇದರ ಸರಳತೆಯ ಒಳಗೇ ಒಂದು ಗುಟ್ಟು ಅಡಗಿದೆ. ಅದನ್ನು ತಿಳಿದು ಆಡಿದರೆ ವಿನೋದ; ತಿಳಿಯದೆ ಆಡಿದರೆ ಮನೆಯ ನೆಮ್ಮದಿಗೆ ಕುತ್ತು. ಆ ಗುಟ್ಟಿನ ಬಳಿಗೆ ಹೋಗುವ ಮುನ್ನ ಆಟದ ಪರಿಚಯ ಮಾಡಿಕೊಳ್ಳೋಣ.

ಬಂದದ್ದು ಎಲ್ಲಿಂದ?

ಮೂರೆಲೆ, ತೀನ್ ಪತ್ತಿ, ಫ್ಲಷ್ ಎಂದು ನಾನಾ ಹೆಸರುಗಳಿಂದ ನಮ್ಮ ದೇಶದಲ್ಲೆಲ್ಲ ಪ್ರಚಾರದಲ್ಲಿರುವ ಈ ಆಟಕ್ಕೆ ಇಂಗ್ಲೆಂಡಿನ ‘ಬ್ರ್ಯಾಗ್’ ಎಂಬ ಆಟ ಮೂಲ. ಬ್ರ್ಯಾಗ್ ಎಂದರೆ ಜಂಬ ಕೊಚ್ಚುವುದು ಎಂದರ್ಥ. ಕೈಯಲ್ಲಿ ಏನೂ ಇಲ್ಲದಿದ್ದರೂ ಎಲ್ಲವೂ ಇರುವಂತೆ ನಟಿಸುವುದೇ ಆಟದ ಜೀವಾಳವಾದುದರಿಂದ ಹೆಸರು ಅನ್ವರ್ಥವಾಗಿದೆ. ಇಸ್ಪೀಟಿನ ಆಟಗಳಿಗೆ ಶಾಸ್ತ್ರಕಾರನೆಂದು ಹೆಸರಾದ ಎಡ್ಮಂಡ್ ಹಾಯ್ಲ್ 1751ರಲ್ಲಿಯೇ ಬ್ರ್ಯಾಗ್ ಆಟವನ್ನು ಕುರಿತು ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದ್ದನು. ಐದೆಲೆಯ ಪೋಕರ್ ಆಟವೂ ಇದೇ ಬಳಗಕ್ಕೆ ಸೇರಿದುದು. ಆಂಗ್ಲರ ಜೊತೆಯಲ್ಲಿ ನಮ್ಮ ನೆಲಕ್ಕೆ ಬಂದ ಈ ಆಟ ಇಲ್ಲಿಯ ಹಬ್ಬಹರಿದಿನಗಳೊಡನೆ ಬೆರೆತು ನಮ್ಮದೇ ಆಗಿಬಿಟ್ಟಿದೆ.

ಎಲೆಗಳ ತರತಮ

ಜೋಕರುಗಳನ್ನು ತೆಗೆದಿಟ್ಟು ಉಳಿದ 52 ಎಲೆಗಳಿಂದ ಆಡಬೇಕು. ಮೂವರಿಂದ ಆರು ಜನರವರೆಗೆ ಕುಳಿತರೆ ಆಟ ರಂಗೇರುತ್ತದೆ. ಎಕ್ಕ ಎಲ್ಲಕ್ಕಿಂತ ದೊಡ್ಡದು. ಬಳಿಕ ರಾಜ, ರಾಣಿ, ಗುಲಾಮ, ಹತ್ತು, ಒಂಬತ್ತು ಎಂದು ಇಳಿಯುತ್ತ ಎರಡಕ್ಕೆ ಬಂದು ನಿಲ್ಲುತ್ತದೆ. ಇಸ್ಪೀಟು, ಆಟೀನು, ಡೈಮಂಡು, ಕಳಾವರ ಎಂಬ ನಾಲ್ಕು ಜಾತಿಗಳಲ್ಲಿ ಮೇಲು ಕೀಳು ಇಲ್ಲ.

ಒಬ್ಬೊಬ್ಬರಿಗೂ ಮೂರು ಎಲೆ. ಆ ಮೂರು ಎಲೆಗಳ ಬೆಲೆ ಹೀಗೆ:

ಮೊದಲನೆಯದು ಟ್ರೇಲ್. ಮೂರೂ ಒಂದೇ ಬಗೆಯ ಎಲೆಗಳು: ಮೂರು ಎಂಟು, ಮೂರು ರಾಣಿ, ಹೀಗೆ. ಮೂರು ಎಕ್ಕ ಬಂದವನನ್ನು ಸೋಲಿಸುವ ಕೈಯೇ ಇಲ್ಲ.

ಎರಡನೆಯದು ಶುದ್ಧ ಸೀಕ್ವೆನ್ಸ್. ಒಂದೇ ಜಾತಿಯ, ಒಂದರ ಮೇಲೊಂದು ಬರುವ ಮೂರು ಎಲೆ. ಆಟೀನಿನ ಐದು, ಆರು, ಏಳು ಇದಕ್ಕೆ ಉದಾಹರಣೆ.

ಮೂರನೆಯದು ಬರಿಯ ಸೀಕ್ವೆನ್ಸ್. ಅನುಕ್ರಮ ಇದೆ, ಆದರೆ ಜಾತಿ ಒಂದೇ ಅಲ್ಲ. ಎರಡು ಬಗೆಯ ಸೀಕ್ವೆನ್ಸುಗಳಲ್ಲಿಯೂ ಎಕ್ಕ-ರಾಜ-ರಾಣಿಗೆ ಅಗ್ರಸ್ಥಾನ. ಎಕ್ಕ-ಎರಡು-ಮೂರಕ್ಕೆ ಅದರ ನಂತರದ ಸ್ಥಾನವನ್ನು ಕೊಡುವುದು ವಾಡಿಕೆ.

ನಾಲ್ಕನೆಯದು ಕಲರ್. ಜಾತಿ ಒಂದೇ, ಅನುಕ್ರಮ ಇಲ್ಲ.

ಐದನೆಯದು ಜೋಡಿ. ಎರಡು ಎಲೆಗಳು ಒಂದೇ ಬಗೆ, ಮೂರನೆಯದು ಬೇರೆ.

ಕಟ್ಟಕಡೆಯದು ಬಿಡಿ ಎಲೆ. ಇವುಗಳಲ್ಲಿ ಯಾವುದೂ ಕೂಡಿಬರದಿದ್ದಾಗ ಮೂರರಲ್ಲಿ ದೊಡ್ಡ ಎಲೆ ಯಾವುದೋ ಅದೇ ಲೆಕ್ಕಕ್ಕೆ. ಬೇರೆ ಬೇರೆ ಜಾತಿಯ ಎರಡು, ಮೂರು, ಐದು ಬಂದವನಿಗಿಂತ ನತದೃಷ್ಟನಿಲ್ಲ.

ಗಣಿತದಲ್ಲಿ ಆಸಕ್ತಿಯುಳ್ಳ ಓದುಗರಿಗೆ ಇಲ್ಲೊಂದು ಸ್ವಾರಸ್ಯವುಂಟು. 52 ಎಲೆಗಳಿಂದ ಮೂರನ್ನು ಆರಿಸುವ ವಿಧಾನಗಳು ಒಟ್ಟು 22,100. ಇವುಗಳಲ್ಲಿ ಟ್ರೇಲ್ 52, ಶುದ್ಧ ಸೀಕ್ವೆನ್ಸ್ 48, ಬರಿಯ ಸೀಕ್ವೆನ್ಸ್ 720, ಕಲರ್ 1,096, ಜೋಡಿ 3,744, ಬಿಡಿ ಎಲೆ 16,440. ಅಪೂರ್ವವಾದುದೇ ದೊಡ್ಡದು ಎಂಬುದು ನಿಯಮವಾದರೆ ಶುದ್ಧ ಸೀಕ್ವೆನ್ಸಿಗೆ ಮೊದಲ ಮಣೆ ಸಲ್ಲಬೇಕಿತ್ತು. ಏಕೆಂದರೆ ಅದು ಟ್ರೇಲಿಗಿಂತ ನಾಲ್ಕು ಕಡಮೆ. ಆದರೆ ನಮ್ಮ ಆಟದಲ್ಲಿ ಹಳೆಯ ಸಂಪ್ರದಾಯವೇ ಗೆದ್ದಿದೆ. 1990ರ ದಶಕದಲ್ಲಿ ಡೆರೆಕ್ ವೆಬ್ ಎಂಬವರು ಕ್ಯಾಸಿನೋಗಳಿಗಾಗಿ ರೂಪಿಸಿದ ‘ತ್ರೀ ಕಾರ್ಡ್ ಪೋಕರ್’ ಆಟದಲ್ಲಿ ಈ ತಪ್ಪನ್ನು ತಿದ್ದಿ ಶುದ್ಧ ಸೀಕ್ವೆನ್ಸನ್ನು ಮೇಲಕ್ಕೆ ಏರಿಸಿದ್ದಾರೆ. ಐದೆಲೆಯ ಪೋಕರ್ ಬಲ್ಲವರು ಇನ್ನೊಂದು ಮಾತನ್ನು ನೆನಪಿನಲ್ಲಿಡಬೇಕು. ಅಲ್ಲಿ ಕಲರಿನ ಮುಂದೆ ಸೀಕ್ವೆನ್ಸ್ ಸೋಲುತ್ತದೆ. ಇಲ್ಲಿ ಸೀಕ್ವೆನ್ಸೇ ಗೆಲ್ಲುತ್ತದೆ. ಎಲೆಗಳು ಮೂರೇ ಆದಾಗ ಅನುಕ್ರಮ ಕೂಡಿಬರುವುದು ಕಲರ್ ಕೂಡಿಬರುವುದಕ್ಕಿಂತ ಕಷ್ಟ.

ಇಷ್ಟೆಲ್ಲ ಸಂಖ್ಯೆಗಳಲ್ಲಿ ಮನಸ್ಸಿನಲ್ಲಿ ಉಳಿಯಬೇಕಾದುದು ಕೊನೆಯದೊಂದೇ. ನೂರು ಸಲ ಎಲೆ ಹಂಚಿದರೆ ಸುಮಾರು 74 ಸಲ ನಮ್ಮ ಕೈಗೆ ಬರುವುದು ಬಿಡಿ ಎಲೆ. ಜೋಡಿ ಬರುವುದು ಆರು ಸಲಕ್ಕೆ ಒಂದು ಸಲ. ಟ್ರೇಲ್ ಬರುವುದು 425 ಸಲಕ್ಕೆ ಒಂದು ಸಲ. ರಾಜನೇ ದೊಡ್ಡ ಎಲೆಯಾಗಿರುವ ಬಿಡಿ ಕೈ, ಎಲ್ಲ ಕೈಗಳನ್ನೂ ಸಾಲಾಗಿ ನಿಲ್ಲಿಸಿದರೆ ಸರಿಸುಮಾರು ನಟ್ಟನಡುವೆ ನಿಲ್ಲುತ್ತದೆ. ನಾಲ್ವರು ಕುಳಿತಿದ್ದರೆ, ನಾಲ್ವರ ಕೈಯಲ್ಲಿಯೂ ಏನೂ ಇಲ್ಲದ ಆಟಗಳೇ ಹತ್ತರಲ್ಲಿ ಸುಮಾರು ಮೂರು! ಎಲ್ಲರೂ ಬಡವರಾಗಿರುವ ಸಭೆಯಲ್ಲಿ ಸಿರಿವಂತನಂತೆ ತೋರಿದವನೇ ಗೆಲ್ಲುತ್ತಾನೆ. ಬ್ರ್ಯಾಗ್ ಎಂಬ ಹೆಸರು ಸುಮ್ಮನೆ ಬಂದುದಲ್ಲ.

ಕಾಣದ ಆಟ, ಕಂಡ ಆಟ

ಇನ್ನು ಆಡುವ ಕ್ರಮ. ಎಲೆ ಹಂಚುವ ಮೊದಲು ಎಲ್ಲರೂ ಒಂದೊಂದು ಬಿಲ್ಲೆಯನ್ನು ನಡುವೆ ಇಡಬೇಕು. ಇದಕ್ಕೆ ‘ಬೂಟ್’ ಎಂದು ಹೆಸರು. ಬಳಿಕ ಒಂದೊಂದಾಗಿ ಮೂರು ಸುತ್ತು ಎಲೆಗಳನ್ನು ಬೋರಲಾಗಿ ಹಂಚಬೇಕು. ಹಂಚಿದವರ ಎಡಗಡೆಯವರಿಂದ ಆಟ ಮೊದಲಾಗುತ್ತದೆ.

ಈಗ ಪ್ರತಿಯೊಬ್ಬ ಆಟಗಾರನ ಮುಂದೆಯೂ ಎರಡು ದಾರಿಗಳಿವೆ. ಎಲೆಗಳನ್ನು ಎತ್ತಿ ನೋಡದೆ ಹಾಗೆಯೇ ಪಣವಿಟ್ಟರೆ ಆತ ‘ಬ್ಲೈಂಡ್’. ನೋಡಿ ಪಣವಿಟ್ಟರೆ ‘ಸೀನ್’. ಕುರುಡಾಟ ಆಡುವವನಿಗೆ ಒಂದು ರಿಯಾಯಿತಿ ಉಂಟು: ಆತ ಒಂದನ್ನು ಇಡುವಲ್ಲಿ ಎಲೆ ನೋಡಿದವನು ಎರಡನ್ನು ಇಡಬೇಕು. ನಡೆಯುತ್ತಿರುವ ಪಣ ಒಂದು ಎಂದಿಟ್ಟುಕೊಂಡರೆ, ಬ್ಲೈಂಡ್ ಆಟಗಾರ ಒಂದನ್ನಾಗಲಿ ಎರಡನ್ನಾಗಲಿ ಇಡಬಹುದು. ನೋಡಿದವನು ಎರಡರಿಂದ ನಾಲ್ಕರವರೆಗೆ ಇಡಬಹುದು. ಬ್ಲೈಂಡ್ ಆಟಗಾರ ಎಷ್ಟು ಇಟ್ಟನೋ ಅದು, ಅಥವಾ ನೋಡಿದವನು ಇಟ್ಟುದರ ಅರ್ಧ, ಮುಂದಿನವನಿಗೆ ‘ನಡೆಯುತ್ತಿರುವ ಪಣ’ವಾಗುತ್ತದೆ. ಆಡಲು ಇಷ್ಟವಿಲ್ಲದವನು ಎಲೆಗಳನ್ನು ಬೋರಲು ಹಾಕಿ ‘ಪ್ಯಾಕ್’ ಎನ್ನಬೇಕು. ಅವನು ಅದುವರೆಗೆ ಇಟ್ಟುದು ನಡುವಿನ ರಾಶಿಗೇ ಸೇರುತ್ತದೆ.

ಎಲೆ ನೋಡಿ ಆಡುತ್ತಿರುವವನು, ತನಗಿಂತ ಮುಂಚೆ ಪಣವಿಟ್ಟವನೂ ನೋಡಿ ಆಡುವವನೇ ಆಗಿದ್ದರೆ, ತನ್ನ ಪಣವನ್ನು ಇಟ್ಟ ಮೇಲೆ ‘ಸೈಡ್ ಷೋ’ ಕೇಳಬಹುದು. ಎದುರಿನವರು ಒಪ್ಪಿದರೆ ಇಬ್ಬರೇ ಗುಟ್ಟಾಗಿ ಎಲೆಗಳನ್ನು ಹೋಲಿಸಿ, ಕಡಮೆಯವರು ಹೊರಬೀಳಬೇಕು. ಎರಡೂ ಸಮವಾದರೆ ಕೇಳಿದವನೇ ಹೊರಕ್ಕೆ.

ಕೊನೆಗೆ ಇಬ್ಬರೇ ಉಳಿದಾಗ ‘ಷೋ’ ಕೇಳಿ ಎಲೆಗಳನ್ನು ಬಿಚ್ಚಬಹುದು. ಕೇಳುವವನು ತನ್ನ ಸರದಿಯ ಪಣವನ್ನು ಇಟ್ಟೇ ಕೇಳಬೇಕು. ಎರಡು ಕೈಗಳೂ ಸಮವಾದರೆ ಕೇಳಿಸಿಕೊಂಡವನಿಗೆ ಜಯ. ಆದರೆ ಒಂದು ಕಟ್ಟಳೆ ಬಹು ಮುಖ್ಯ: ಎದುರಾಳಿ ಇನ್ನೂ ಬ್ಲೈಂಡ್ ಆಗಿದ್ದರೆ, ನೋಡಿ ಆಡುತ್ತಿರುವವನಿಗೆ ಷೋ ಕೇಳುವ ಹಕ್ಕಿಲ್ಲ. ಅವನು ಪಣವಿಡುತ್ತಲೇ ಹೋಗಬೇಕು, ಇಲ್ಲವೇ ಸೋಲೊಪ್ಪಿ ಏಳಬೇಕು. ಆಟದ ಮೋಡಿಯೆಲ್ಲ ಇರುವುದು ಈ ಒಂದು ಕಟ್ಟಳೆಯಲ್ಲಿ.

ಒಂದು ಸುತ್ತಿನ ಕಥೆ

ಮೊದಲು ಹೇಳಿದ ನಡುಮನೆಗೆ ಮರಳೋಣ. ಜಮಖಾನೆಯ ಮೇಲೆ ಸೋದರಮಾವ, ಅತ್ತಿಗೆ, ಭಾವ, ಕಾಲೇಜಿನಲ್ಲಿ ಓದುವ ಹುಡುಗ, ಹೀಗೆ ನಾಲ್ವರು ಕುಳಿತಿದ್ದಾರೆ. ಬಿಲ್ಲೆಗಳ ಬದಲು ಹುಣಸೆ ಬೀಜ. ಮಾವ ಎಲೆ ಹಂಚಿದರು. ಬೂಟ್ ಒಂದೊಂದರಂತೆ ನಡುವೆ ನಾಲ್ಕು ಬೀಜ.

ಅತ್ತಿಗೆ ಎಲೆ ಮುಟ್ಟಲಿಲ್ಲ; ಬ್ಲೈಂಡ್ ಎಂದು ಒಂದು ಬೀಜ ಇಟ್ಟರು. ಭಾವ ಎತ್ತಿ ನೋಡಿದರು: ಎರಡು ಒಂಬತ್ತು! ಮುಖದಲ್ಲಿ ಏನನ್ನೂ ತೋರಗೊಡದೆ ಎರಡು ಬೀಜ ಇಟ್ಟರು. ಹುಡುಗ ನೋಡಿದ: ರಾಜ, ಏಳು, ನಾಲ್ಕು. ಪ್ಯಾಕ್ ಎಂದು ಎಲೆ ಚೆಲ್ಲಿದ. ಮಾವ ನೋಡದೆಯೇ ಪಣ ಏರಿಸಿ ಎರಡು ಇಟ್ಟರು. ರಾಶಿಯಲ್ಲಿ ಈಗ ಒಂಬತ್ತು.

ಎರಡನೆಯ ಸುತ್ತು. ಅತ್ತಿಗೆ ಈಗಲೂ ನೋಡದೆ ಎರಡು ಇಟ್ಟರು. ಭಾವ ನಾಲ್ಕು ಇಡಬೇಕಾಯಿತು, ಇಟ್ಟರು. ಮಾವ ಎಲೆ ಎತ್ತಿದರು: ರಾಣಿ, ಎಂಟು, ಮೂರು. ನಸುನಕ್ಕು ಪ್ಯಾಕ್ ಎಂದರು. ರಾಶಿ ಹದಿನೈದು.

ಉಳಿದವರು ಇಬ್ಬರೇ. ಅತ್ತಿಗೆ ಸೆರಗು ಸರಿಪಡಿಸಿಕೊಂಡು, ಎಲೆಗಳತ್ತ ಕಣ್ಣೂ ಹಾಯಿಸದೆ ನಾಲ್ಕು ಬೀಜ ಇಟ್ಟರು. ಭಾವ ಈಗ ಎಂಟು ಇಡಬೇಕು. ಷೋ ಕೇಳುವಂತಿಲ್ಲ. ಎಂಟು ಇಟ್ಟರೆ ಆಕೆ ಎಂಟು ಇಡುತ್ತಾಳೆ. ಆಗ ತಾನು ಹದಿನಾರು ಇಡಬೇಕು. ಇದಕ್ಕೆ ಕೊನೆ ಎಲ್ಲಿ? ಭಾವ ನಿಟ್ಟುಸಿರುಬಿಟ್ಟು ಜೋಡಿ ಒಂಬತ್ತನ್ನು ಬೋರಲು ಹಾಕಿದರು. ಅತ್ತಿಗೆ ಹತ್ತೊಂಬತ್ತು ಬೀಜಗಳನ್ನು ಬಾಚಿಕೊಂಡರು. ಆಮೇಲೆ ಎಲೆ ತಿರುವಿ ನೋಡಿದರೆ ಹತ್ತು, ಐದು, ಎರಡು! ಮನೆಯೆಲ್ಲ ನಗೆ.

ಲೆಕ್ಕ ಹಾಕಿದರೆ ಅತ್ತಿಗೆ ಹಾಕಿದ್ದು ಎಂಟು, ಪಡೆದ ಲಾಭ ಹನ್ನೊಂದು. ಭಾವ ಕಳೆದುಕೊಂಡದ್ದು ಏಳು, ಮಾವ ಮೂರು, ಹುಡುಗ ಒಂದು. ಜೋಡಿ ಒಂಬತ್ತು ಬಂದವನನ್ನು, ನೋಡದ ಕೈಯೊಂದು ಸೋಲಿಸುವುದು ನೂರರಲ್ಲಿ ಸುಮಾರು ಹದಿನೈದು ಸಲ ಮಾತ್ರ. ಗೆಲುವು ಭಾವನವರ ಕೈಯಲ್ಲಿಯೇ ಇತ್ತು. ಅವರನ್ನು ಸೋಲಿಸಿದ್ದು ಎಲೆಯಲ್ಲ. ಮುಂದೆ ಇಡಬೇಕಾದ ಪಣದ ಭಯ.

ಕೈ ಯಾರದು, ಚೀಲ ಯಾರದು?

ಇದೇ ಈ ಆಟದ ಗುಟ್ಟು. ಹುಣಸೆ ಬೀಜಗಳ ಬದಲು ರೂಪಾಯಿಗಳನ್ನು ಇಟ್ಟು ನೋಡಿ. ಒಂದು ರೂಪಾಯಿಯ ಪಣ ಪ್ರತಿ ಸರದಿಗೂ ಇಮ್ಮಡಿಯಾದರೆ ಹತ್ತು ಸರದಿಗಳಲ್ಲಿ 1,024 ಆಗುತ್ತದೆ. ಎಲೆ ನೋಡಿದವನ ಪಾಲಿಗೆ 2,048. ನಾಲ್ವರು ಆಡುವಲ್ಲಿ ಮೂರು ಸುತ್ತಿಗೇ ಹನ್ನೆರಡು ಸರದಿ. ಒಂದು ರೂಪಾಯಿಯಿಂದ ಹೊರಟ ವಿನೋದ, ಕಾಫಿ ಆರುವುದರೊಳಗೆ ಒಂದು ತಿಂಗಳ ದಿನಸಿಯ ಹಣವನ್ನು ನುಂಗಿಬಿಡಬಹುದು. ಆಗ ಗೆಲ್ಲುವವನು ಒಳ್ಳೆಯ ಎಲೆ ಬಂದವನಲ್ಲ. ಚೀಲದಲ್ಲಿ ಇನ್ನೂ ಹಣ ಉಳಿದಿರುವವನು.

ಗಣಿತಜ್ಞರು ಇದನ್ನು ಬಹುಕಾಲದ ಹಿಂದೆಯೇ ಲೆಕ್ಕಮಾಡಿ ತೋರಿಸಿದ್ದಾರೆ. ಸ್ವಲ್ಪವೂ ಮೋಸವಿಲ್ಲದ, ಇಬ್ಬರಿಗೂ ಸಮವಾದ ಆಟದಲ್ಲಿ ಒಬ್ಬನ ಬಳಿ ಹತ್ತು ರೂಪಾಯಿ, ಇನ್ನೊಬ್ಬನ ಬಳಿ ತೊಂಬತ್ತು ರೂಪಾಯಿ ಇದೆ ಎನ್ನಿ. ಸಲಕ್ಕೆ ಒಂದೊಂದೇ ರೂಪಾಯಿಯಂತೆ, ಒಬ್ಬರ ಕೈ ಬರಿದಾಗುವವರೆಗೂ ಆಡುತ್ತ ಹೋದರೆ, ಬರಿಗೈಯಲ್ಲಿ ಏಳುವವನು ಹತ್ತರಲ್ಲಿ ಒಂಬತ್ತು ಸಲ ಹತ್ತು ರೂಪಾಯಿಯವನೇ. ಅದೃಷ್ಟ ಇಬ್ಬರಿಗೂ ಒಂದೇ. ಆದರೆ ದುರದೃಷ್ಟವನ್ನು ತಾಳಿಕೊಳ್ಳುವ ಶಕ್ತಿ ಒಂದೇ ಅಲ್ಲ.

ಮಹಾಭಾರತದ ದ್ಯೂತಪ್ರಸಂಗವನ್ನು ನೆನೆಯುವಾಗ ನಾವು ಶಕುನಿಯ ಕೈಚಳಕವನ್ನಷ್ಟೇ ನೆನೆಯುತ್ತೇವೆ. ಅಲ್ಲಿ ದಾಳ ಉರುಳಿಸಿದವನು ಶಕುನಿಯಾದರೂ ಪಣ ಒಡ್ಡಿದವನು ದುರ್ಯೋಧನ. ಕೈ ಒಬ್ಬನದು, ಬೊಕ್ಕಸ ಮತ್ತೊಬ್ಬನದು. ಈ ಏರ್ಪಾಡು ಸರಿಯಲ್ಲವೆಂದು ಧರ್ಮರಾಯ ಆಕ್ಷೇಪಿಸಿದನು, ಆದರೂ ಕುಳಿತನು. ಎಲ್ಲಿಗೆ ನಿಲ್ಲಿಸಬೇಕೆಂಬುದನ್ನು ಮಾತ್ರ ಮೊದಲೇ ಗೊತ್ತುಮಾಡಲಿಲ್ಲ. ಮುಂದಿನ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದದ್ದೇ.

ನ್ಯಾಯಾಲಯದ ಮಾತು

ನಮ್ಮ ಸುಪ್ರೀಂ ಕೋರ್ಟಿನ ಮುಂದೆಯೂ ಈ ಆಟದ ವಿಚಾರ ಬಂದಿತ್ತು. ಸಿಕಂದರಾಬಾದಿನ ಕ್ಲಬ್ಬೊಂದರಲ್ಲಿ ನಡೆಯುತ್ತಿದ್ದ ರಮ್ಮಿಯನ್ನು ಕುರಿತು 1967ರಲ್ಲಿ ತೀರ್ಪು ನೀಡುವಾಗ ನ್ಯಾಯಾಲಯವು, ಬಿದ್ದ ಎಲೆಗಳನ್ನು ನೆನಪಿಟ್ಟು ಕೈಯನ್ನು ಕಟ್ಟಬೇಕಾದುದರಿಂದ ರಮ್ಮಿಯಲ್ಲಿ ಜಾಣ್ಮೆಯೇ ಪ್ರಧಾನವೆಂದು ಎತ್ತಿಹಿಡಿಯಿತು. ಅದೇ ಉಸಿರಿನಲ್ಲಿ ಫ್ಲಷ್, ಬ್ರ್ಯಾಗ್ ಮೊದಲಾದ ಹೆಸರುಗಳ ಮೂರೆಲೆಯಾಟ ಕೇವಲ ಅದೃಷ್ಟದ ಆಟವೆಂದು ಹೇಳಿತು. ಬಂದ ಮೂರು ಎಲೆಗಳನ್ನು ಬದಲಾಯಿಸುವ ಅವಕಾಶವೇ ಇಲ್ಲದ ಆಟದಲ್ಲಿ ಜಾಣ್ಮೆಗೆ ಎಡೆಯೆಲ್ಲಿ ಎಂಬುದು ಯೋಚಿಸತಕ್ಕ ಮಾತೇ. ‘ನನಗೆ ಆಟ ಚೆನ್ನಾಗಿ ಬರುತ್ತದೆ’ ಎಂಬ ಧೈರ್ಯದಿಂದ ಹಣ ಹೂಡುವವರು ಈ ಮಾತನ್ನು ಮರೆಯಬಾರದು.

ಕರ್ನಾಟಕ ಪೊಲೀಸ್ ಕಾಯಿದೆ, 1963, ಜೂಜಿನ ಮನೆ ನಡೆಸುವುದನ್ನೂ ಅಲ್ಲಿ ಆಡುವುದನ್ನೂ ಅಪರಾಧವೆಂದು ಎಣಿಸುತ್ತದೆ. ಈಚೆಗೆ ಜಮಖಾನೆಯೂ ಬೇಡ, ಜೊತೆಗಾರರೂ ಬೇಡ ಎಂಬಂತೆ ಮೂರೆಲೆ ಅಂಗೈಯ ಮೊಬೈಲಿಗೂ ಇಳಿದುಬಂದಿದೆ. ಹಣ ಹೂಡಿ ಆಡುವ ಇಂಥ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಸಂಸತ್ತು 2025ರ ಆಗಸ್ಟಿನಲ್ಲಿ ಕಾಯಿದೆಯನ್ನು ಅಂಗೀಕರಿಸಿತು. ನಡುಮನೆಯ ಆಟದಲ್ಲಿ “ಸಾಕು, ಏಳಿ” ಎನ್ನುವುದಕ್ಕೆ ಒಬ್ಬ ಅಜ್ಜಿಯಾದರೂ ಇರುತ್ತಾರೆ. ಅಂಗೈಯ ಆಟದಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ.

ಮನೆಯ ಕಟ್ಟಳೆ

ಹಾಗಾದರೆ ಆಟವನ್ನೇ ಬಿಡಬೇಕೇ? ಬೇಕಿಲ್ಲ. ಎಲೆ ಹಂಚುವ ಮೊದಲು ನಾಲ್ಕು ಮಾತುಗಳನ್ನು ಗೊತ್ತುಮಾಡಿಕೊಂಡರೆ ಸಾಕು.

ಮೊದಲನೆಯದಾಗಿ, ಹಣದ ಮಾತು ಬೇಡ. ಹುಣಸೆ ಬೀಜವಾಗಲಿ ಕವಡೆಯಾಗಲಿ ಎಲ್ಲರಿಗೂ ಸರಿಸಮನಾಗಿ ಐವತ್ತು ಹಂಚಿ. ಎಲ್ಲರ ಚೀಲವೂ ಒಂದೇ ಅಳತೆಯದಾದಾಗ ಮಾತ್ರ ಆಟ ನ್ಯಾಯವಾಗುತ್ತದೆ.

ಎರಡನೆಯದಾಗಿ, ಸಾಲ ಕೊಡಬಾರದು, ಬೇಡಬಾರದು. ಬೀಜಕ್ಕೆ ಬೆಲೆ ಬರುವುದೇ ಈ ಕಟ್ಟಳೆಯಿಂದ. ಮುಗಿದರೆ ಮತ್ತೆ ಸಿಕ್ಕುತ್ತದೆ ಎಂದಾದರೆ ಯಾರು ಬೇಕಾದರೂ ಶೂರರೇ. ಆಗ ಆಟ ಸಪ್ಪೆ. ಐವತ್ತು ಮುಗಿದವರು ಎದ್ದು ಎಲ್ಲರಿಗೂ ಕಾಫಿ ತರಲಿ.

ಮೂರನೆಯದಾಗಿ, ಪಣಕ್ಕೊಂದು ಮಿತಿ ಇರಲಿ. ಬ್ಲೈಂಡ್ ನಾಲ್ಕಕ್ಕೆ ಮೀರಬಾರದು, ಸೀನ್ ಎಂಟಕ್ಕೆ ಮೀರಬಾರದು; ರಾಶಿ ನಲವತ್ತು ಮುಟ್ಟಿದೊಡನೆ ಉಳಿದವರೆಲ್ಲ ಎಲೆ ಬಿಚ್ಚಬೇಕು. ಒಬ್ಬರು ನಾಲ್ಕು ಸರದಿಗಿಂತ ಹೆಚ್ಚು ನೋಡದೆ ಆಡಬಾರದು. ಇಷ್ಟಿದ್ದಿದ್ದರೆ ನಮ್ಮ ಭಾವನವರು ಧೈರ್ಯವಾಗಿ ಎಂಟು ಇಟ್ಟು ಜೋಡಿ ಒಂಬತ್ತಿನ ಮರ್ಯಾದೆ ಉಳಿಸಿಕೊಳ್ಳಬಹುದಿತ್ತು.

ನಾಲ್ಕನೆಯದಾಗಿ, ಮುಗಿಯುವ ಹೊತ್ತನ್ನು ಮೊದಲೇ ಹೇಳಿಬಿಡಿ. ಹತ್ತು ಗಂಟೆ ಎಂದರೆ ಹತ್ತು ಗಂಟೆ. ಸೋತವನು ‘ಇನ್ನೊಂದೇ ಆಟ’ ಎನ್ನುವುದೂ ಗೆದ್ದವನು ಒಳಗೊಳಗೇ ಒಪ್ಪುವುದೂ ಮೂರೆಲೆಯಷ್ಟೇ ಹಳೆಯ ರೋಗಗಳು.

ಇವಿಷ್ಟನ್ನೂ ಅಜ್ಜಿಯ ಮುಂದೆ ಒಪ್ಪಿಸಿ ನೋಡಿ. ಅವರೂ ಜಮಖಾನೆಯ ಒಂದು ಮೂಲೆಗೆ ಬಂದು ಕುಳಿತಾರು. ಎಲೆಗಳನ್ನು ಮುಟ್ಟದೆಯೇ ಬ್ಲೈಂಡ್ ಎಂದು ಒಂದು ಬೀಜ ಮುಂದಕ್ಕೆ ತಳ್ಳಿಯಾರು. ಯಾರಿಗೆ ಗೊತ್ತು, ಅವರೇ ಗೆದ್ದಾರು. ಆಟ ಮುಗಿದ ಮೇಲೆ ಬೀಜಗಳನ್ನೆಲ್ಲ ಎಣಿಸಿ ಮತ್ತೆ ಅದೇ ಡಬ್ಬಿಗೆ ತುಂಬಿ, ಮುಂದಿನ ಹಬ್ಬಕ್ಕೆಂದು ಮಾಡಿನ ಮೇಲೆ ಇಟ್ಟರೆ ಯಾರೂ ಏನನ್ನೂ ಕಳೆದುಕೊಂಡಂತಾಗಲಿಲ್ಲ.